ಕಾಗದದ ಮೇಲೆ ಹೊಲಿಗೆ: ಕಾರ್ಡ್ ಹರಿಯುವುದು ನಿಂತದ್ದು ಹೀಗೆ

ದಾರದಲ್ಲಿ ಹೊಲಿದ ಶುಭಾಶಯ ಕಾರ್ಡ್ ನೋಡಲು ಬಲು ಚೆಂದ. ಆದರೆ ನನ್ನ ಕಾರ್ಡುಗಳು ಹೊಲಿಗೆಯ ಗೆರೆಯಲ್ಲೇ ಅಂಚೆಚೀಟಿಯ ಹಾಳೆಯಂತೆ ಹರಿದು ಬರುತ್ತಿದ್ದವು. ಬಟ್ಟೆಯಲ್ಲಾದರೆ ಸೂಜಿ ಎಳೆಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ, ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಕಾಗದದಲ್ಲಿ ತೂತು ಬಿದ್ದರೆ ಬಿದ್ದಂತೆಯೇ. ತೂತುಗಳು ಒತ್ತೊತ್ತಾದಷ್ಟೂ ನಡುವಿನ ಕಾಗದಕ್ಕೆ ಬಲ ಕಡಿಮೆ.

ಹಾಗಾಗಿ ತೂತುಗಳ ಅಂತರ ಹೆಚ್ಚಿಸಿದೆ: ನೇರ ಗೆರೆಗೆ 4 ಮಿಲಿಮೀಟರ್, ತಿರುವಿನಲ್ಲಿ 3. ಕಾಗದವೂ ದಪ್ಪನೆಯದು, ಚದರ ಮೀಟರಿಗೆ 220 ಗ್ರಾಂ ತೂಗುವಂಥದ್ದು, ಅಂದರೆ 220 ಜಿಎಸ್‌ಎಂ. ಚಿತ್ರವನ್ನು ಟ್ರೇಸಿಂಗ್ ಪೇಪರಿನಲ್ಲಿ ಬರೆದು ಕಾರ್ಡಿನ ಮೇಲಿಟ್ಟು, ಅಡಿಯಲ್ಲಿ ದಪ್ಪ ಫೋಮ್ ಹಾಸಿ, ಎಲ್ಲ ತೂತುಗಳನ್ನೂ ಗುಂಡುಸೂಜಿಯಿಂದ ಮೊದಲೇ ಚುಚ್ಚಿಕೊಳ್ಳುತ್ತೇನೆ. ಸೂಜಿ ನೆಟ್ಟಗಿರಬೇಕು, ಓರೆಯಾದರೆ ತೂತು ಸೀಳುತ್ತದೆ.

ನಿಜವಾದ ವ್ಯತ್ಯಾಸ ಮಾಡಿದ್ದು ದಾರ ಎಳೆಯುವ ರೀತಿ. ಪಕ್ಕಕ್ಕೆ ಎಳೆದರೆ ದಾರ ತೂತಿನ ಅಂಚನ್ನು ಗರಗಸದ ಹಾಗೆ ಕೊರೆಯುತ್ತದೆ. ನೇರ ಮೇಲಕ್ಕೆ, ನಿಧಾನವಾಗಿ ಎಳೆದು, ದಾರ ಕಾಗದಕ್ಕೆ ತಾಗಿದ ಕೂಡಲೇ ಕೈ ಬಿಡಬೇಕು. ಆರೆಳೆಯ ಎಂಬ್ರಾಯ್ಡರಿ ದಾರದಲ್ಲಿ ಎರಡೆಳೆ ಬಿಡಿಸಿಕೊಂಡರೆ ಸಾಕು.

ಗಂಟು ಹಾಕುವುದನ್ನೇ ಬಿಟ್ಟೆ, ಅದು ಮುಂಬದಿಯಲ್ಲಿ ಉಬ್ಬಿ ಕಾಣುತ್ತದೆ. ದಾರದ ತುದಿಗಳನ್ನು ಹಿಂದೆ ಟೇಪಿನಿಂದ ಅಂಟಿಸುತ್ತೇನೆ. ಹೊಲಿದ ತುಂಡನ್ನು ಬೇರೆ ಮಡಚಿದ ಕಾರ್ಡಿಗೆ ಅಂಟಿಸಿದರೆ ಹಿಂಬದಿಯೆಲ್ಲ ಮುಚ್ಚಿಹೋಗುತ್ತದೆ, ಹೊಲಿಗೆಗೂ ಆಸರೆ.

ಮೆಷಿನ್ನಿನಲ್ಲಿ ಹೊಲಿಯುವವರು ಕೊನೆಯಲ್ಲಿ ಹಿಂದಕ್ಕೆ ಹೊಲಿಯಬೇಡಿ, ಅಲ್ಲೇ ಕಾಗದ ತುಂಡಾಗುತ್ತದೆ. ಕಾಗದಕ್ಕೆಂದೇ ಒಂದು ಸೂಜಿ ಬೇರೆ ಇಡಿ. ಕಾಗದ ಹೊಲಿದು ಮೊಂಡಾದ ಸೂಜಿ ಬಟ್ಟೆಯ ಎಳೆ ಕೀಳುತ್ತದೆ.