ಹೊಟ್ಟೆನೋವಿನ ರೋಗಿ ಎದುರು ಕುಳಿತಾಗ: ಹೊಸದಾಗಿ ವಾರ್ಡಿಗೆ ಬರುವ ವೈದ್ಯ ವಿದ್ಯಾರ್ಥಿಗಳಿಗೆ

ಬೆಂಗಳೂರಿನ ಯಾವ ಹೊರರೋಗಿ ವಿಭಾಗದಲ್ಲಿ ಕುಳಿತರೂ ದಿನವಿಡೀ ಕಿವಿಗೆ ಬೀಳುವ ದೂರು "ಗ್ಯಾಸ್ಟ್ರಿಕ್ ಡಾಕ್ಟರೇ". ಅದನ್ನೇ ಕೇಸ್ ಶೀಟಿನಲ್ಲಿ ಬರೆದು, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಕೊಟ್ಟು ಕಳುಹಿಸಬೇಡಿ. ಎಂಡೋಸ್ಕೋಪಿಗೂ ಅವಸರ ಬೇಡ. ಕುರ್ಚಿ ಹತ್ತಿರ ಎಳೆದುಕೊಂಡು ಐದು ನಿಮಿಷ ಮಾತನಾಡಿಸಿ.

ಮೊದಲು, ನೋವು ಎಲ್ಲಿದೆ ಎಂದು ಕೈಯಿಟ್ಟು ತೋರಿಸಲು ಹೇಳಿ. ಎದೆಮೂಳೆಯ ಹಿಂದೆ ಉರಿ, ಬಗ್ಗಿದಾಗ ಅಥವಾ ಉಂಡ ಕೂಡಲೇ ಮಲಗಿದಾಗ ಜೋರು, ಬಾಯಿಗೆ ಹುಳಿನೀರು ಎಂದರೆ ಆಮ್ಲ ಅನ್ನನಾಳಕ್ಕೆ ಮರಳುತ್ತಿದೆ. ರಾತ್ರಿ ಪಾಳಿ ಮುಗಿಸಿ ಬಂದು ಉಂಡು ಮಲಗುವವರನ್ನು ಇದರ ಬಗ್ಗೆ ತಪ್ಪದೆ ಕೇಳಿ. ನೋವು ಮೇಲ್ಹೊಟ್ಟೆಯಲ್ಲಿದ್ದು, ನಡುರಾತ್ರಿ ಎಬ್ಬಿಸಿ, ಏನಾದರೂ ತಿಂದರೆ ತಗ್ಗುವುದಾದರೆ ಡ್ಯುಯೋಡಿನಂ (ಸಣ್ಣ ಕರುಳಿನ ಮೊದಲ ಭಾಗ) ಹುಣ್ಣನ್ನು ನೆನೆಯಿರಿ. ಬಲಪಕ್ಕೆಯ ಕೆಳಗೆ ಹಿಡಿದು ಬಲಭುಜಕ್ಕೆ ಹರಡಿದರೆ ಪಿತ್ತಕೋಶದ ಕಲ್ಲು, ಬೆನ್ನಿಗೆ ಇರಿದು ಮುಂದಕ್ಕೆ ಬಾಗಿ ಕುಳಿತರೆ ತುಸು ಸಹ್ಯವಾದರೆ ಮೇದೋಜೀರಕ ಗ್ರಂಥಿಯ ಉರಿಯೂತ. ಹೊಕ್ಕುಳ ಸುತ್ತ ಶುರುವಾದ ನೋವು ಕೆಲವು ಗಂಟೆಗಳಲ್ಲಿ ಬಲಗಡೆಯ ಕೆಳಹೊಟ್ಟೆಗೆ ಸರಿದು, ಊಟವೇ ಬೇಡವೆನಿಸಿದರೆ ಅಪೆಂಡಿಸೈಟಿಸ್ ಅಲ್ಲವೆಂದು ಖಚಿತವಾಗುವವರೆಗೆ ಮನೆಗೆ ಬಿಡಬೇಡಿ.

ಮಧ್ಯವಯಸ್ಸು ದಾಟಿದವರು, ಅದರಲ್ಲೂ ಸಕ್ಕರೆ ಕಾಯಿಲೆಯವರು, ಬೆವರುತ್ತಾ "ಎದೆಯುರಿ" ಎಂದರೆ ಮೊದಲು ಇಸಿಜಿ. ಹೃದಯಾಘಾತ ಹೊಟ್ಟೆಯ ವೇಷದಲ್ಲೂ ಬರುತ್ತದೆ.

ಈಗ ವಿದ್ಯಾರ್ಥಿಗಳು ನಾಚಿಕೊಂಡು ಬಿಟ್ಟುಬಿಡುವ ಪ್ರಶ್ನೆಗೆ ಬರುತ್ತೇನೆ. ಹೂವಿನ ವ್ಯಾಪಾರ ಮಾಡುವ ಅಜ್ಜಿಯೊಬ್ಬರು ಸುಸ್ತು ಎಂದು ಬಂದಿದ್ದರು. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದರೆ ಒಳಗೆಲ್ಲ ಬಿಳಿಚಿಕೊಂಡಿತ್ತು. "ಅಜ್ಜಿ, ಕಕ್ಕಸಿಗೆ ಹೋದಾಗ ಯಾವ ಬಣ್ಣ ಕಾಣುತ್ತೆ?" ಎಂದೆ. ಅವರು ಸೆರಗಿನ ಗಂಟು ಬಿಚ್ಚಿ ಒಂದು ಮಾತ್ರೆ ಪಟ್ಟಿ ನನ್ನ ಮುಂದಿಟ್ಟು, "ಕಪ್ಪಗೇ ಇದೆ, ಈ ಮಾತ್ರೆ ಕಾವಿಗಿರಬೇಕು" ಎಂದರು. ಅದು ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುತ್ತಿದ್ದ ಡೈಕ್ಲೋಫೆನಾಕ್. ಹೊಟ್ಟೆಯ ಹುಣ್ಣು ಸದ್ದಿಲ್ಲದೆ ರಕ್ತ ಸುರಿಸುತ್ತಿತ್ತು. ನೋವು ನಿವಾರಕಗಳಿಂದ ಬರುವ ಹುಣ್ಣು ನೋವೇ ಕೊಡದೆ ಹೀಗೆ ಹರಿಯಬಲ್ಲದು. ವಯಸ್ಸಾದವರಲ್ಲಿ ಅದು ಇನ್ನೂ ಅಪಾಯ. ಮೇಲಿನ ಜೀರ್ಣನಾಳದಲ್ಲಿ ರಕ್ತ ಸೋರಿದರೆ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿರುತ್ತದೆ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ವಾಸನೆ ಇರುವುದಿಲ್ಲ. ಹುಣ್ಣಿನ ಇನ್ನೊಂದು ದೊಡ್ಡ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಅದನ್ನು ಪತ್ತೆಹಚ್ಚಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಹುಣ್ಣು ಕಂಡರೆ ಈ ರೋಗಾಣುವಿಗೂ ಪರೀಕ್ಷೆ ಮಾಡಿಸಿ.

ದೀರ್ಘಕಾಲದ ಭೇದಿ ಅಥವಾ ಮಲಬದ್ಧತೆಯ ಜೊತೆ ಹೊಟ್ಟೆನೋವಿದ್ದು, ಮಲವಿಸರ್ಜನೆಯೊಂದಿಗೆ ನೋವು ಏರಿಳಿದರೆ ಇರಿಟಬಲ್ ಬೊವೆಲ್ (ಕರುಳಿನ ರಚನೆ ಕೆಡದೆ ಕೆಲಸ ಮಾತ್ರ ಏರುಪೇರಾಗುವ ತೊಂದರೆ) ಇರಬಹುದು. ಇದನ್ನು ಗುರುತಿಸಲು ಬಳಸುವ ರೋಮ್ 4 ಮಾನದಂಡದ ಪ್ರಕಾರ ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ನೋವಿರಬೇಕು, ತೊಂದರೆ ಆರಂಭವಾಗಿ 6 ತಿಂಗಳಾಗಿರಬೇಕು. ಆದರೆ ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತ, ಜ್ವರ, ತೂಕ ಇಳಿಕೆ ಇವುಗಳಲ್ಲಿ ಒಂದಿದ್ದರೂ ಆ ಹಣೆಪಟ್ಟಿ ಹಚ್ಚಬೇಡಿ. ಸಂಜೆ ಜ್ವರ, ಸೊರಗಿದ ಮೈ, ಬಲಗಡೆಯ ಕೆಳಹೊಟ್ಟೆಯಲ್ಲಿ ಗಂಟು ಇದ್ದರೆ ನಮ್ಮ ನಾಡಿನಲ್ಲಿ ಕರುಳಿನ ಕ್ಷಯವನ್ನು ನೆನೆಯಲೇಬೇಕು. ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಯೂ ಥೇಟ್ ಹಾಗೆಯೇ ಕಾಣುತ್ತದೆ. ಕ್ಷಯವಿದ್ದವರಿಗೆ ಕ್ರೋನ್ಸ್ ಎಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಸೋಂಕು ಮೈಯೆಲ್ಲ ಹರಡಬಹುದು; ಆದ್ದರಿಂದ ಬಯಾಪ್ಸಿ (ಕರುಳಿನ ತುಣುಕಿನ ಪರೀಕ್ಷೆ) ವರದಿಗೆ ಕಾಯಿರಿ.

ಕೆಂಪು ರಕ್ತ ಬಿದ್ದಾಗ ರೋಗಿಯೇ "ಮೂಲವ್ಯಾಧಿ" ಎಂದು ತೀರ್ಮಾನಿಸಿ ಬಂದಿರುತ್ತಾರೆ. ಹಲವರ ಮಾತು ನಿಜವೂ ಆಗಿರುತ್ತದೆ. ಆದರೂ ಒಪ್ಪಿಗೆ ಪಡೆದು, ಪರದೆ ಎಳೆದು, ಬೆರಳಿನಿಂದ ಗುದಪರೀಕ್ಷೆ ಮಾಡಿ. ಗುದನಾಳದ ಕ್ಯಾನ್ಸರ್ ಎಷ್ಟೋ ಸಲ ಬೆರಳಿಗೆ ಸಿಗುವಷ್ಟು ಹತ್ತಿರದಲ್ಲಿರುತ್ತದೆ. ಗ್ಲೌಸ್ ಖಾಲಿಯಾಗಿದ್ದರೆ ಸಿಸ್ಟರನ್ನು ಕೇಳಿ ತರಿಸಿಕೊಳ್ಳಿ, ಪರೀಕ್ಷೆಯನ್ನು ನಾಳೆಗೆ ತಳ್ಳಬೇಡಿ.