ಐಬಿಎಸ್ ಇದ್ದವರು ಸಮ್ಮೋಹನ ಚಿಕಿತ್ಸೆ ಶುರು ಮಾಡುವುದು ಹೇಗೆ

ಬಾಗಲಕೋಟೆಯಲ್ಲಿ ಬೆಳಗಾವಿ ಬಸ್ ಹತ್ತುವ ಮುಂಚೆ ಎರಡು ಸಲ ಸಂಡಾಸಿಗೆ ಹೋಗಿ, ಬಸ್ ಹೊರಟ ಮೇಲೆ ಮತ್ತೆ ಹೊಟ್ಟೆ ನುಲಿದು, ಲೋಕಾಪುರದಲ್ಲೇ ಇಳಿದು ವಾಪಸ್ ಬಂದವನು ನಾನು. ನನಗಿದ್ದದ್ದು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್), ಅಂದರೆ ಹೊಟ್ಟೆನೋವಿನ ಜೊತೆ ಭೇದಿ ಅಥವಾ ಮಲಬದ್ಧತೆ ಮತ್ತೆ ಮತ್ತೆ ಕಾಡುವ ಕರುಳಿನ ತೊಂದರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಡಾಕ್ಟರಿಗೆ ತೋರಿಸಿ. ಮಲದಲ್ಲಿ ರಕ್ತ, ಸುಮ್ನೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತ ಕಡಿಮೆ ಇರುವುದು, ಇದರಲ್ಲಿ ಒಂದಿದ್ದರೂ ಮೊದಲು ಅದರ ತಪಾಸಣೆ ಆಗಲಿ. 50 ದಾಟಿದ ಮೇಲೆ ಹೊಸದಾಗಿ ಶುರುವಾದರೂ ಅಷ್ಟೇ.

ಸಮ್ಮೋಹನ ಅಂದರೆ ನಮ್ಮ ಕಡೆ ಜನ ವಶೀಕರಣ ಅಂದುಕೊಳ್ಳುತ್ತಾರೆ. ಅದಲ್ಲ ಇದು. ನಿಮಗೆ ಎಚ್ಚರ ಇರುತ್ತದೆ, ಹೊರಗೆ ಟ್ರ್ಯಾಕ್ಟರ್ ಹೋದದ್ದೂ ಕೇಳಿಸುತ್ತದೆ, ಬೇಡ ಅನ್ನಿಸಿದರೆ ಎದ್ದು ಬರಬಹುದು. ಐಬಿಎಸ್‌ನಲ್ಲಿ ಕರುಳಿಗೂ ಮೆದುಳಿಗೂ ಹೊಂದಾಣಿಕೆ ತಪ್ಪಿರುತ್ತದೆ, ಸ್ವಲ್ಪ ಗ್ಯಾಸ್ ತುಂಬಿದರೂ ಜಾಸ್ತಿ ನೋವಾಗುತ್ತದೆ. ಅದನ್ನೇ ಇಲ್ಲಿ ಸರಿಪಡಿಸಲು ನೋಡುತ್ತಾರೆ. 1984ರಲ್ಲಿ ಮ್ಯಾಂಚೆಸ್ಟರಿನ ಡಾಕ್ಟರ್ ಪೀಟರ್ ವೊರ್ವೆಲ್ ತಂಡ, ಬೇರೆ ಔಷಧಕ್ಕೆ ಬಗ್ಗದ 30 ಜನರಲ್ಲಿ ಇದನ್ನು ಪರೀಕ್ಷಿಸಿ ಒಳ್ಳೆಯ ಫಲಿತಾಂಶ ಕಂಡಿತ್ತು. 12 ತಿಂಗಳು ಔಷಧ ತೆಗೆದುಕೊಂಡರೂ ಗುಣವಾಗದವರಿಗೆ ಇದನ್ನೂ ಯೋಚಿಸಿ ಅಂತ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ (NICE) ಸಂಸ್ಥೆ ಹೇಳಿದೆ.

ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಿ, ಕರುಳಿನ ತೊಂದರೆಗೆ ಸಮ್ಮೋಹನ ಮಾಡಿದ ಅನುಭವ ಇದೆಯಾ ಅಂತ ನೇರವಾಗಿ ಕೇಳಿ. ಸಾಮಾನ್ಯವಾಗಿ 7ರಿಂದ 12 ಸಲ ಹೋಗಬೇಕು. ಒಂದೇ ಸಲಕ್ಕೆ ವಾಸಿ ಮಾಡ್ತೀನಿ ಅನ್ನುವವರನ್ನು ನಂಬಬೇಡಿ. ಇಲ್ಲದ್ದು ಕಾಣುವ, ಕೇಳಿಸುವ ಮಾನಸಿಕ ಕಾಯಿಲೆ ಇದ್ದರೆ ಅದನ್ನು ಮೊದಲೇ ಹೇಳಿ.

ಅವರು ಕೊಡುವ ಆಡಿಯೋ ಇಟ್ಟುಕೊಂಡು ಮನೆಯಲ್ಲಿ ದಿನಾ ಅಭ್ಯಾಸ ಮಾಡಬೇಕು, ಅರ್ಧ ಕೆಲಸ ಅಲ್ಲೇ ಇದೆ. ನಾನು ರಾತ್ರಿ ರೊಟ್ಟಿ ಊಟ ಆಗಿ ಒಂದು ತಾಸಿನ ಮೇಲೆ ಚಾಪೆ ಹಾಸಿ ಮಲಗುತ್ತಿದ್ದೆ. ಅಂಗೈ ಹೊಕ್ಕುಳ ಮೇಲೆ ಇಡಿ. ಉಸಿರು ನಿಧಾನವಾಗಲಿ. ಅಂಗೈ ಬಿಸಿ ಒಳಗೆ ಇಳಿಯುತ್ತಿದೆ, ಹಿಡಿದುಕೊಂಡ ಕರುಳು ಸಡಿಲವಾಗುತ್ತಿದೆ ಅಂತ ಭಾವಿಸಿ. ಆಮೇಲೆ ಕರುಳನ್ನು ಹೊಳೆ ಹಾಗೆ ನೋಡಬೇಕು. ನನಗೆ ಹೊಲದ ಪಕ್ಕದ ಕಾಲುವೆಯೇ ಕಣ್ಣಿಗೆ ಬರುತ್ತಿತ್ತು. ಭೇದಿಯವರು ನೀರು ರಭಸವಾಗಿ ನುಗ್ಗುವಾಗ ಗೇಟು ಸ್ವಲ್ಪ ಇಳಿಸಿ, ದಂಡೆ ಹುಲ್ಲು ಅಲುಗದಷ್ಟು ಮೆಲ್ಲಗೆ ಹರಿಸಿ. ಮಲಬದ್ಧತೆಯವರು ಗೇಟು ಎತ್ತಿ, ಕಟ್ಟಿಕೊಂಡ ಜೊಂಡು ತೆಗೆದು ಹರಿಯಲು ಬಿಡಿ.

ಮೊದಲ ವಾರಗಳಲ್ಲಿ ಏನೂ ಅನ್ನಿಸದೇ ಇರಬಹುದು, ಬಿಡಬೇಡಿ. ಇರುವ ಔಷಧವನ್ನೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ರೂಢಿಯಾದ ಮೇಲೆ ಬಸ್ಸಿನಲ್ಲಿ ಕಣ್ಣು ಮುಚ್ಚುವುದೂ ಬೇಡ, ಶರ್ಟಿನ ಮೇಲೆ ಕೈ ಇಟ್ಟುಕೊಂಡು ಕಾಲುವೆ ನೆನೆದರೆ ಸಾಕು.