ಒಂದೇ ಯೋಜನೆ, ಹಲವು ಪರವಾನಗಿಗಳು: ನನ್ನ ಅನುಭವ

ಅಕ್ಷರ ಕಲಿಯುವವರಿಗೆಂದು ನಾನು ಸಿದ್ಧಪಡಿಸಿದ ತಂತ್ರಾಂಶವು ಬಿಡುಗಡೆಯ ಹಂತಕ್ಕೆ ಬಂದಾಗ ಅದರೊಳಗೆ ನಾನು ಬರೆದ ಕೋಡ್, ಪಾಠಗಳ ಪಠ್ಯ, ಗೆಳತಿಯೊಬ್ಬರು ಬಿಡಿಸಿದ ಚಿತ್ರಗಳು, ಪದಗಳ ಪಟ್ಟಿ ಮತ್ತು ಬೇರೆಯವರು ವಿನ್ಯಾಸಗೊಳಿಸಿದ ಒಂದು ಫಾಂಟ್ ಸೇರಿದ್ದವು. ಎಲ್ಲವನ್ನೂ ಮುಕ್ತವಾಗಿ ಹಂಚಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು. ಆದರೆ ಒಂದೊಂದನ್ನೂ ಬಿಡಿಸಿ ನೋಡತೊಡಗಿದಾಗ ಒಂದೇ ಪರವಾನಗಿ ಎಲ್ಲಕ್ಕೂ ಹೊಂದುವುದಿಲ್ಲವೆಂಬುದು ಸ್ಪಷ್ಟವಾಯಿತು.

ಪರವಾನಗಿಯನ್ನೇ ನಮೂದಿಸದೆ ಬಿಟ್ಟರೆ ಕೃತಿಯು ಎಲ್ಲರದ್ದಾಗುತ್ತದೆ ಎಂದು ನಂಬಿರುವವರು ಈಗಲೂ ಇದ್ದಾರೆ; ವಾಸ್ತವ ಇದಕ್ಕೆ ತದ್ವಿರುದ್ಧ. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ, ಯಾವ ನೋಂದಣಿಯೂ ಇಲ್ಲದೆ, ಕೃತಿ ರಚನೆಯಾದೊಡನೆಯೇ ಕೃತಿಸ್ವಾಮ್ಯ ಹುಟ್ಟುತ್ತದೆ ಮತ್ತು ಸಾಮಾನ್ಯವಾಗಿ ಕರ್ತೃವಿನ ಮರಣಾನಂತರವೂ ಕನಿಷ್ಠ 50 ವರ್ಷ ಉಳಿಯುತ್ತದೆ. ಆದ್ದರಿಂದ ಪರವಾನಗಿಯಿಲ್ಲದ ಕೋಡನ್ನು ಓದಬಹುದಾದರೂ ನಕಲು ಮಾಡಿ, ಬದಲಿಸಿ ಹಂಚುವ ಹಕ್ಕು ಯಾರಿಗೂ ದೊರೆಯುವುದಿಲ್ಲ.

ಕೋಡಿನ ವಿಷಯದಲ್ಲಿ ನನ್ನ ಆಯ್ಕೆಯನ್ನು ಅರ್ಧದಷ್ಟು ನಿರ್ಧರಿಸಿದ್ದು ನಾನು ಬಳಸಿಕೊಂಡಿದ್ದ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಅವುಗಳಲ್ಲಿ ಕೆಲವು ಎಂಐಟಿ ಪರವಾನಗಿಯವು. ಹೆಸರು ಮತ್ತು ಪರವಾನಗಿಯ ಪಠ್ಯವನ್ನು ಉಳಿಸಿಕೊಂಡರೆ ಸಾಕು, ಬೇರೆ ತಕರಾರಿಲ್ಲ. ಬೆರಳಿನಿಂದ ಬರೆದ ಗೆರೆಗಳನ್ನು ಗುರುತಿಸುವ ಲೈಬ್ರರಿ ಮಾತ್ರ ಅಪಾಚೆ 2.0 ಪರವಾನಗಿಯದು. ಪೇಟೆಂಟಿಗೆ ಸಂಬಂಧಿಸಿದ ಅದರ ನಿಬಂಧನೆಗಳ ಕಾರಣ ಅದನ್ನು ಜಿಪಿಎಲ್‌ನ (ಮಾರ್ಪಡಿಸಿ ಹಂಚುವವರು ಮೂಲ ಕೋಡನ್ನೂ, ಅಂದರೆ ಸೋರ್ಸ್ ಕೋಡನ್ನೂ, ಅದೇ ಷರತ್ತುಗಳಲ್ಲಿ ಕೊಡಬೇಕೆನ್ನುವ ಪರವಾನಗಿ) ಎರಡನೆಯ ಆವೃತ್ತಿಯೊಂದಿಗೆ ಬೆರೆಸಲಾಗದು ಎಂಬುದು ಅದನ್ನು ರೂಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ನಿಲುವು. 2007ರಲ್ಲಿ ಬಂದ ಮೂರನೆಯ ಆವೃತ್ತಿಯೊಂದಿಗೆ ಬೆರೆಸಬಹುದು. ಉಳಿದ ಅರ್ಧವನ್ನು ಒಂದು ಪ್ರಶ್ನೆಯಿಂದ ತೀರ್ಮಾನಿಸಿದೆ: ಈ ತಂತ್ರಾಂಶವನ್ನು ಯಾರಾದರೂ ಏನು ಮಾಡಿದರೆ ನನಗೆ ಬೇಸರವಾಗುತ್ತದೆ? ಮಾರಿದರೆ ಬೇಸರವಿಲ್ಲ, ಆದರೆ ಸುಧಾರಿಸಿದ ಪ್ರತಿಯನ್ನು ಮುಚ್ಚಿಟ್ಟು ಹಂಚಿದರೆ ಖಂಡಿತ ಬೇಸರವಾಗುತ್ತದೆ. ಹಾಗಾಗಿ ಜಿಪಿಎಲ್ 3, ‘ಅಥವಾ ಮುಂದಿನ ಯಾವುದೇ ಆವೃತ್ತಿ’ ಎಂಬ ಒಕ್ಕಣೆಯೊಂದಿಗೆ. ಜಿಪಿಎಲ್ ವಿಧಿಸುವ ಕರ್ತವ್ಯಗಳು ಪ್ರತಿಯನ್ನು ಇತರರಿಗೆ ಕೊಟ್ಟಾಗ ಮಾತ್ರ ಅನ್ವಯವಾಗುತ್ತವೆ; ಸರ್ವರಿನಲ್ಲಿ ಓಡಿಸಿ ಸೇವೆ ಒದಗಿಸುವವರಿಗೂ ಅವನ್ನು ವಿಸ್ತರಿಸುವುದು ಎಜಿಪಿಎಲ್. ನನ್ನ ತಂತ್ರಾಂಶ ಬಳಕೆದಾರರ ಸಾಧನದಲ್ಲಿಯೇ ಓಡುವುದರಿಂದ ಅದರ ಅಗತ್ಯ ಬೀಳಲಿಲ್ಲ.

ಪಾಠ ಮತ್ತು ಚಿತ್ರಗಳಿಗೂ ಜಿಪಿಎಲ್ಲನ್ನೇ ಹಚ್ಚಬಹುದಿತ್ತು. ಆದರೆ ಕಥೆಗೆ, ಚಿತ್ರಕ್ಕೆ ‘ಸೋರ್ಸ್ ಕೋಡ್’ ಯಾವುದೆಂಬ ಚರ್ಚೆಯಲ್ಲಿ ಯಾರಿಗೂ ಲಾಭವಿಲ್ಲ. 2002ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಸಂಸ್ಥೆಯ ಪರವಾನಗಿಗಳು ಇಂಥ ಕೃತಿಗಳಿಗೆಂದೇ ಇರುವವು. ಅವನ್ನು ತಂತ್ರಾಂಶಕ್ಕೆ ಬಳಸಬೇಡಿರೆಂದು ಆ ಸಂಸ್ಥೆಯೇ ಸಲಹೆ ನೀಡುತ್ತದೆ. ಕರ್ತೃವಿನ ಹೆಸರು ಹೇಳಬೇಕೆಂಬ ಷರತ್ತು ಅದರ ಆರೂ ಪರವಾನಗಿಗಳಲ್ಲಿದೆ. ‘ಮಾರ್ಪಾಡು ಸಲ್ಲದು’ ಎಂಬ ಷರತ್ತನ್ನು ನಾನು ತಕ್ಷಣವೇ ಬದಿಗಿಟ್ಟೆ, ಏಕೆಂದರೆ ಅನುವಾದವೂ ಮಾರ್ಪಾಡೇ. ಅನುವಾದಿಸಬಾರದ ಪಾಠವನ್ನು ಮುಕ್ತವೆಂದು ಕರೆಯಲು ನನಗೆ ಮನಸ್ಸಾಗಲಿಲ್ಲ.

ದೀರ್ಘ ಚರ್ಚೆ ನಡೆದದ್ದು ‘ವಾಣಿಜ್ಯೇತರ ಬಳಕೆಗೆ ಮಾತ್ರ’ ಎಂಬ ಷರತ್ತಿನ ಬಗ್ಗೆ. ತಮ್ಮ ಚಿತ್ರಗಳನ್ನು ಯಾವುದೋ ಪ್ರಕಾಶನ ಸಂಸ್ಥೆ ಮುದ್ರಿಸಿ ಹಣ ಮಾಡಿಕೊಂಡೀತೆಂಬ ಗೆಳತಿಯ ಆತಂಕ ಸಹಜವಾದುದೇ. ಆದರೆ ಶುಲ್ಕ ಪಡೆಯುವ ಶಾಲೆ, ಮುದ್ರಣದ ವೆಚ್ಚವನ್ನಷ್ಟೇ ವಸೂಲು ಮಾಡುವ ಸಂಘ, ಜಾಹೀರಾತು ಇರುವ ಕಲಿಕಾ ತಾಣ ಇವುಗಳಲ್ಲಿ ಯಾವುದು ವಾಣಿಜ್ಯ ಬಳಕೆ, ಯಾವುದು ಅಲ್ಲ ಎಂಬುದನ್ನು ನಾವಿಬ್ಬರೂ ಖಚಿತವಾಗಿ ಹೇಳಲಾರದಾದೆವು. ನಮಗೇ ಹೇಳಲಾಗದಿದ್ದರೆ, ಕಾನೂನಿಗೆ ಅಂಜುವ ಒಳ್ಳೆಯ ಬಳಕೆದಾರರು ದೂರ ಉಳಿಯುತ್ತಾರೆ. ಅಂಜದವರು ಹೇಗೂ ಬಳಸುತ್ತಾರೆ. ಜೊತೆಗೆ ಅಂಥ ಚಿತ್ರಗಳು ವಿಕಿಪೀಡಿಯದ ಮಾಧ್ಯಮ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಸಲ್ಲುವುದಿಲ್ಲ. ಕೊನೆಗೆ ಪಠ್ಯಕ್ಕೂ ಚಿತ್ರಗಳಿಗೂ ಸಿಸಿ ಬೈ-ಎಸ್‌ಎ 4.0 ಎಂದು ಒಪ್ಪಿದೆವು: ಮಾರ್ಪಡಿಸಿ ಹಂಚುವವರು ತಮ್ಮ ಮಾರ್ಪಾಡನ್ನೂ ಅದೇ ಷರತ್ತುಗಳಲ್ಲಿ ಹಂಚಬೇಕು. ಇದರಿಂದ ಮುದ್ರಣ ನಿಲ್ಲುವುದಿಲ್ಲ, ಆದರೆ ಮಾರ್ಪಡಿಸಿದ ಚಿತ್ರವನ್ನು ಯಾರೂ ತಮ್ಮ ಬೇಲಿಯೊಳಗೆ ಕಟ್ಟಿಹಾಕಲಾಗದು. ಮುದ್ರಿತ ಪುಸ್ತಕವೊಂದರ ಮುಖಪುಟದ ಚಿತ್ರದ ಎಲ್ಲ ಹಕ್ಕುಗಳನ್ನೂ ಗೆಳತಿ ತಮ್ಮಲ್ಲೇ ಉಳಿಸಿಕೊಂಡರು. ಅದನ್ನು ತಂತ್ರಾಂಶದೊಳಗೆ ಸೇರಿಸಲಿಲ್ಲ.

ಚಿತ್ರಗಳ ಹಕ್ಕು ಗೆಳತಿಯದು, ನನ್ನದಲ್ಲ. ಅವರ ಪರವಾಗಿ ಪರವಾನಗಿ ಕೊಡಲು ನನಗೆ ಅಧಿಕಾರವಿರಲಿಲ್ಲ. ‘ಆಗಲಿ, ಹಾಕಿಕೋ’ ಎಂಬ ಬಾಯಿಮಾತಿಗೆ ತೃಪ್ತನಾಗದೆ, ಪರವಾನಗಿಯ ಹೆಸರು, ಆವೃತ್ತಿ ಮತ್ತು ಚಿತ್ರಗಳ ಪಟ್ಟಿಯಿರುವ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆದೆ. ಈ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ ಹಿಂಪಡೆಯಲಾಗದು ಎಂಬುದನ್ನೂ ಮೊದಲೇ ಅವರಿಗೆ ತಿಳಿಸಿದ್ದೆ. ಸ್ನೇಹವಿದ್ದಲ್ಲಿ ಬರಹದ ಒಪ್ಪಿಗೆ ಕೇಳಲು ಮುಜುಗರವೆನ್ನುವವರಿದ್ದಾರೆ, ನನ್ನ ದೃಷ್ಟಿಯಲ್ಲಿ ಸ್ನೇಹವಿದ್ದಲ್ಲಿಯೇ ಅದು ಹೆಚ್ಚು ಬೇಕು.

ಪದಗಳ ಪಟ್ಟಿಗೆ ಸಿಸಿ0, ಅಂದರೆ ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಡುವ ಘೋಷಣೆ, ಸಾಕಾಯಿತು. ಬರಿಯ ಪದಗಳಿಗೆ ಕೃತಿಸ್ವಾಮ್ಯವಿಲ್ಲದಿದ್ದರೂ ಐರೋಪ್ಯ ಒಕ್ಕೂಟದಂಥ ಕಡೆ ದತ್ತಸಂಚಯಗಳಿಗೆ ಪ್ರತ್ಯೇಕ ಹಕ್ಕು ಇರುವುದರಿಂದ, ಅದನ್ನೂ ಬಿಟ್ಟುಕೊಟ್ಟಿದ್ದೇನೆಂದು ಹೇಳುವುದು ಮೇಲು. ಫಾಂಟ್ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿತ್ತು. ಅದನ್ನು ತಂತ್ರಾಂಶದ ಜೊತೆ ಕೊಡಬಹುದು, ಆದರೆ ಅದೊಂದನ್ನೇ ಮಾರುವಂತಿಲ್ಲ. ಗಾತ್ರ ತಗ್ಗಿಸಲು ಬೇಡದ ಅಕ್ಷರಗಳನ್ನು ಕತ್ತರಿಸಿದರೂ ಅದು ಮಾರ್ಪಾಡೆನಿಸಿ, ಕಾಯ್ದಿರಿಸಿದ ಹೆಸರಿದ್ದಲ್ಲಿ ಫಾಂಟಿನ ಹೆಸರು ಬದಲಿಸಬೇಕಾಗುತ್ತದೆ. ನಾನು ಇಡೀ ಫಾಂಟನ್ನೇ ಸೇರಿಸಿದೆ.

ಈಗ ಪ್ರತಿ ಕಡತದ ತಲೆಯಲ್ಲಿ ಹಕ್ಕುದಾರರ ಹೆಸರು, ವರ್ಷ ಮತ್ತು ಎಸ್‌ಪಿಡಿಎಕ್ಸ್ ಪದ್ಧತಿಯ (ಪರವಾನಗಿಗಳನ್ನು ಚಿಕ್ಕ ಸಂಕೇತಗಳಲ್ಲಿ ಬರೆಯುವ ಪದ್ಧತಿ) ಪರವಾನಗಿ ಸೂಚಿಯಿದೆ. ಪರವಾನಗಿಗಳ ಪೂರ್ಣ ಪಠ್ಯ ಒಂದು ಫೋಲ್ಡರಿನಲ್ಲಿದೆ. ಹೊರಗಿನವರು ಕೋಡ್ ಕಳುಹಿಸಿದಾಗ ಅದರ ಹಕ್ಕು ಅವರಲ್ಲಿಯೇ ಉಳಿಯುತ್ತದೆ. ಹಾಗಾಗಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ 2004ರಿಂದ ರೂಢಿಯಲ್ಲಿರುವಂತೆ, ಇದನ್ನು ಕೊಡುವ ಹಕ್ಕು ತಮಗಿದೆಯೆಂದು ದೃಢೀಕರಿಸುವ ಒಂದು ಸಾಲನ್ನು ಪ್ರತಿ ಸಲ್ಲಿಕೆಯಲ್ಲೂ ಕೇಳುತ್ತೇನೆ. ಮುಂದೊಮ್ಮೆ ಕೋಡಿನ ಪರವಾನಗಿಯನ್ನು ಬದಲಿಸಬೇಕೆನಿಸಿದರೆ ಇವರೆಲ್ಲರ ಒಪ್ಪಿಗೆಯೂ ಬೇಕಾಗುತ್ತದೆಂಬ ಅರಿವಿನಿಂದ ಯಾರು ಯಾವ ಭಾಗ ಬರೆದರೆಂಬ ದಾಖಲೆಯನ್ನೂ ಜೋಪಾನವಾಗಿಟ್ಟಿದ್ದೇನೆ.

ಬಿಡುಗಡೆಯ ನಂತರ ಒಂದು ಕಲಿಕಾ ತಾಣದಲ್ಲಿ ಗೆಳತಿಯ ಚಿತ್ರಗಳು ಹೆಸರಿಲ್ಲದೆ ಕಾಣಿಸಿಕೊಂಡವು. ಷರತ್ತು ಮುರಿದರೆ ಪರವಾನಗಿ ತಾನಾಗಿ ಕೊನೆಗೊಳ್ಳುತ್ತದೆ; ಆದರೆ ತಪ್ಪು ತಿಳಿದುಬಂದ 30 ದಿನಗಳೊಳಗೆ ಸರಿಪಡಿಸಿದರೆ ಅದು ಮತ್ತೆ ಜಾರಿಗೆ ಬರುತ್ತದೆಂದು 4.0 ಆವೃತ್ತಿ ಹೇಳುತ್ತದೆ. ಈ ನಿಬಂಧನೆಯನ್ನು ಉಲ್ಲೇಖಿಸಿ, ಶೀರ್ಷಿಕೆ, ಕರ್ತೃ, ಮೂಲದ ಕೊಂಡಿ ಮತ್ತು ಪರವಾನಗಿಯ ಹೆಸರಿರುವ ಸಾಲನ್ನು ನಾವೇ ಬರೆದು ಕಳುಹಿಸಿದೆವು. ಅವರು ಅದನ್ನು ಹಾಗೆಯೇ ಚಿತ್ರಗಳ ಕೆಳಗೆ ಸೇರಿಸಿದರು.